ಎರಡು ಸ್ಪ್ಯಾನಿಯಲ್ ಮರಿ, ಎಂಟು ಗೋಣಿಚೀಲ

“ಸ್ಪ್ಯಾನಿಯಲ್ ಮರಿ ಎಷ್ಟು ಬೀಳುತ್ತೆ ಮೇಡಂ?”

ಮೂವತ್ತೊಂದು ವರ್ಷದ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ನಮ್ಮದೇನು ನಾಯಿ ಮಾರುವ ಅಂಗಡಿಯಲ್ಲ, ನಾಯಿಗಳ ಆಸ್ಪತ್ರೆ. ಮಂಡಿ ಮೊಹಲ್ಲಾದಲ್ಲಿ ಒಣಮೆಣಸಿನಕಾಯಿಯ ಸಗಟು ಮಳಿಗೆಯ ಪಕ್ಕದಲ್ಲಿತ್ತು. ಎರಡು ಕೋಣೆ, ಒಂದು ವರಾಂಡ, ಹಿಂದುಗಡೆ ನಾಯಿಗಳನ್ನು ಮೀಯಿಸುವ ತೊಟ್ಟಿ. ಬಂದ ನಾಯಿಗಳೆಲ್ಲ ಮೆಣಸಿನಕಾಯಿ ಘಾಟಿಗೆ ಮೊದಲು ಸೀನುತ್ತಿದ್ದವು. ಹೊಸ ಯಜಮಾನರು ಅದೇ ಕಾಯಿಲೆ ಅಂದುಕೊಂಡು ಗಾಬರಿಯಾಗುತ್ತಿದ್ದರು. ಅಲ್ಲಿ ನಾನು ಕಾಂಪೌಂಡರು. ಹೆಸರು ಸರ್ವಮಂಗಳ, ಬರುವವರಿಗೆಲ್ಲ ಮಂಗಳಮ್ಮ.

ನಿವೃತ್ತಿಯಾಗಿ ಮೂರು ವರ್ಷವಾಯಿತು. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಯಾವಾಗ ಏರಲಿಲ್ಲ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಏರದ ವರ್ಷಗಳನ್ನು ಬರೆಯಲು ಕೂತರೆ ಮುಗಿಯುವುದಿಲ್ಲ. ನಾನು ಮಾಡಿದ ಒಂದು ದೊಡ್ಡ ಎಡವಟ್ಟನ್ನು ಮಾತ್ರ ಪೂರ್ತಿ ಹೇಳುತ್ತೇನೆ. ಎರಡು ಸ್ಪ್ಯಾನಿಯಲ್ ಮರಿಗಳನ್ನು ಅದಲುಬದಲು ಮಾಡಿ ಎರಡು ಮನೆಗೆ ಕಳಿಸಿದ ಎಡವಟ್ಟು ಅದು. ಆದರೆ ಅದಕ್ಕೂ ಮೊದಲು ಆ ಜಾತಿಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಕೈ ಸುಮ್ಮನಿರುವುದಿಲ್ಲ.

ಸ್ಪ್ಯಾನಿಯಲ್ ಅಂದರೆ ಮೊದಲು ಕಿವಿ, ಆಮೇಲೆ ನಾಯಿ. ಆ ಉದ್ದ ಕಿವಿಯ ಒಳಗೆ ಗಾಳಿ ಆಡುವುದಿಲ್ಲ. ವಾರಕ್ಕೆ ಎರಡು ಸಲ ಔಷಧಿ ಬಿಟ್ಟು ಹತ್ತಿಯಿಂದ ಒರೆಸದಿದ್ದರೆ ಸೋರಲು ಶುರುವಾಗುತ್ತದೆ, ಹಳಸಿದ ಹುಳಿಯ ವಾಸನೆ ಬರುತ್ತದೆ. ಊಟದ ತಟ್ಟೆಗೆ ಬಾಯಿಗಿಂತ ಮೊದಲು ಕಿವಿಯೇ ಇಳಿಯುತ್ತದೆ. ಒಂದು ಮನೆಯಲ್ಲಿ ಊಟದ ಹೊತ್ತಿಗೆ ಮಗಳ ಹೇರ್‌ಬ್ಯಾಂಡ್ ತೆಗೆದು ನಾಯಿಯ ಎರಡು ಕಿವಿಯನ್ನೂ ನೆತ್ತಿಯ ಮೇಲೆ ಸೇರಿಸಿ ಕಟ್ಟುತ್ತಿದ್ದರು. ಆ ಮಗಳು ಶಾಲೆಗೆ ಹೋದರೆ ಜಡೆಯಿಂದ ಮೊಸರನ್ನದ ವಾಸನೆ ಬರುತ್ತದೆ ಎಂದು ದೂರು ಬಂದಿತ್ತಂತೆ.

ಆಮೇಲೆ ಕೂದಲು. ಖಾಲಿ ಸೈಟಿನಲ್ಲಿ ಒಂದು ಸುತ್ತು ಬಂದರೆ ಅಲ್ಲಿರುವ ಉತ್ತರಾಣಿ ಬೀಜವೆಲ್ಲ ನಾಯಿಯ ಹೊಟ್ಟೆಯ ಕೆಳಗಿರುತ್ತದೆ. ಆರು ವಾರಕ್ಕೊಮ್ಮೆ ಕತ್ತರಿಸಲೇಬೇಕು. ಈಗ ನಾಯಿಗಳಿಗೂ ಪಾರ್ಲರು ಬಂದಿದೆ, ನನ್ನ ಕಾಲದಲ್ಲಿ ಇರಲಿಲ್ಲ. ನಮ್ಮ ಬೀದಿಯ ಕ್ಷೌರದಂಗಡಿಯವರು ಭಾನುವಾರ ಹಿಂದಿನ ಬಾಗಿಲಿನಿಂದ ಬಂದು ಕತ್ತರಿಸಿಕೊಟ್ಟು, “ಮಂಗಳಮ್ಮ, ಯಾರ್ ಮುಂದೇನೂ ಬಾಯ್ ಬುಡ್ಬೇಡಿ, ನನ್ ಗಿರಾಕಿಗಳು ನಾಳೆಯಿಂದ ಅಂಗಡಿ ಮೆಟ್ಟಿಲೇ ಹತ್ತಲ್ಲ” ಎಂದು ಆಣೆ ಇಡಿಸಿಕೊಂಡು ಹೋಗುತ್ತಿದ್ದರು. ನಾಯಿಗೆಂದೇ ಬೇರೆ ಕತ್ತರಿ ಇಟ್ಟುಕೊಂಡಿದ್ದರು ಎಂಬುದಕ್ಕೆ ನಾನೇ ಸಾಕ್ಷಿ. ಈಗ ಅವರ ಅಂಗಡಿ ಇಲ್ಲವಾದ್ದರಿಂದ ಬರೆದಿದ್ದೇನೆ.

ಮೂರನೆಯದು ಹೊಟ್ಟೆ. ತುಂಬಿತು ಎನ್ನುವುದನ್ನು ಆ ನಾಯಿ ಕಲಿತೇ ಇಲ್ಲ. ಮೇಲಿಂದ ಆ ಕಣ್ಣು! ಮೂರು ದಿನದಿಂದ ಉಪವಾಸವಿರುವ ಹಾಗೆ ನೋಡುತ್ತದೆ. ಮನೆಯ ಅಜ್ಜಿಯರು ಕರಗಿಹೋಗುತ್ತಾರೆ. ನಮ್ಮಂಥ ಸಸ್ಯಾಹಾರಿಗಳ ಮನೆಗಳಲ್ಲಿ ಮೊಟ್ಟೆ ಒಳಗೆ ತರುವ ಹಾಗಿಲ್ಲ, ಅದಕ್ಕೆ ಪರಿಹಾರವಾಗಿ ಹೋಳಿಗೆ ಹಾಕುತ್ತಾರೆ. ಯುಗಾದಿಯ ಮಾರನೇ ದಿನ ನಮ್ಮ ವರಾಂಡದಲ್ಲಿ ಹೊಟ್ಟೆ ಕೆಟ್ಟ ಸ್ಪ್ಯಾನಿಯಲ್‌ಗಳ ಸಾಲೇ ಇರುತ್ತಿತ್ತು. “ಏನು ತಿನ್ನಿಸಿದ್ರಿ?” ಎಂದರೆ ಎಲ್ಲರದೂ ಒಂದೇ ಉತ್ತರ: “ಏನೂ ಇಲ್ಲ ಕಣ್ರೀ, ಒಂದೇ ಒಂದು ತುಂಡು.”

ಇದನ್ನೆಲ್ಲ ನಾನು ಫೋನಿನಲ್ಲಿ ಹೇಳುತ್ತಿದ್ದೆ. ಮರಿಯ ಬೆಲೆ ಕೇಳಿದವರಿಗೆ ಕಿವಿ, ಕೂದಲು, ಹೊಟ್ಟೆ, ಲಸಿಕೆ, ಜಂತಿನ ಔಷಧಿ ಎಲ್ಲ ಸೇರಿಸಿ, “ಕೊಳ್ಳುವ ದುಡ್ಡು ಬರೀ ಬಾಗಿಲು ತೆಗೆಯೋಕೆ ಸ್ವಾಮಿ, ಒಳಗೆ ಹೋದ ಮೇಲೆ ಹದಿಮೂರು ವರ್ಷ ಖರ್ಚು” ಎಂದು ಕಾಲು ಗಂಟೆ ಭಾಷಣ. ಅರ್ಧ ಜನ ನಡುವೆಯೇ ಫೋನ್ ಇಡುತ್ತಿದ್ದರು. ಅವರಿಂದ ಒಂದು ನಾಯಿ ಬಚಾವಾಯಿತು ಎಂದು ನಾನು ಹಿಗ್ಗುತ್ತಿದ್ದೆ. ಆ ಭಾಷಣವೇ ನನಗೆ ಮುಳುವಾಗುತ್ತದೆ ಎಂದು ಗೊತ್ತಿರಲಿಲ್ಲ.

ನಮ್ಮ ಡಾಕ್ಟರ ಹೆಸರು ಶ್ರೀಕಂಠಯ್ಯ. ಅವರ ತಾತ ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರಂತೆ. ಆ ತಾತನನ್ನು ಡಾಕ್ಟರು ಕಣ್ಣಲ್ಲಿ ನೋಡಿದ್ದರೋ ಇಲ್ಲವೋ ಕಾಣೆ, ನಾನಂತೂ ದಿನಕ್ಕೆ ಮೂರು ಸಲ ನೋಡುತ್ತಿದ್ದೆ. ಸಿರಿಂಜು ಕುದಿಸುವುದು ತಡವಾದರೆ ತಾತ. ಹತ್ತಿ ಹೆಚ್ಚು ಖರ್ಚಾದರೆ ತಾತ. ನಾನು ಸೇರಿದಾಗ ಗಾಜಿನ ಸಿರಿಂಜುಗಳನ್ನು ಸೀಮೆಎಣ್ಣೆ ಸ್ಟವ್ ಮೇಲೆ ಕುದಿಸುತ್ತಿದ್ದೆವು. ಬಿಸಾಡುವ ಸಿರಿಂಜು ಬಂದಾಗ ನಾನು ಕುಣಿದೆ, ಡಾಕ್ಟರು ತಾತನನ್ನು ನೆನೆದು ನಿಟ್ಟುಸಿರು ಬಿಟ್ಟರು.

ಒಂದು ದಿನ ಅವರು ನನ್ನನ್ನು ಕರೆದು ಹೇಳಿದರು: “ಮಂಗಳಾ, ನಮ್ಮ ತಾತ ಉಗ್ರಾಣದಿಂದ ಒಂದು ಬೆಳ್ಳಿ ಚಮಚ ಈಚೆ ಹೋಗಬೇಕಾದ್ರೂ ಅದಕ್ಕೊಂದು ಚೀಟಿ ಕಟ್ಟೋರು. ಸ್ನಾನಕ್ಕೆ ಬಿಟ್ಟು ಹೋಗೋ ಮರಿಗಳಿಗೆ ನೀನೂ ಒಂದೊಂದು ಚೀಟಿ ಕಟ್ಟು.”

“ಚಮಚಕ್ಕೆ ಮುಖ ಇರಲ್ಲ ಸಾರ್, ನಾಯಿಗಿರುತ್ತೆ. ನನಗೆ ಮುಖ ಗುರುತು ಹತ್ತಲ್ವಾ?” ಎಂದೆ. ಆಗ ನನಗೆ ಅಷ್ಟು ಜಂಬ. ಆ ಬೀದಿಯ ಎಲ್ಲ ನಾಯಿಗಳನ್ನೂ ಕತ್ತಲಲ್ಲಿ ಮುಟ್ಟಿ ಹೆಸರು ಹೇಳಬಲ್ಲೆ ಎಂದು ಕೊಚ್ಚಿಕೊಳ್ಳುತ್ತಿದ್ದೆ.

ಇನ್ನು ಆ ಶನಿವಾರಕ್ಕೆ ಬರುತ್ತೇನೆ. ಹದಿನಾಲ್ಕು ಹದಿನೈದು ವರ್ಷದ ಹಿಂದಿನ ಮಾತು.

ಬೆಳಗ್ಗೆ ಮೊದಲು ಬಂದವರು ರುದ್ರಪ್ಪನವರು. ನಮ್ಮ ಬೀದಿಯಲ್ಲೇ ಗೋಣಿಚೀಲದ ಸಗಟು ವ್ಯಾಪಾರ. ಹಣೆ ತುಂಬ ವಿಭೂತಿ, ಅಂಗಿಯ ಜೇಬಿನಲ್ಲಿ ಕ್ಯಾಲ್ಕುಲೇಟರು. ಪಕ್ಕದ ಬೀದಿಯ ಬೆಲ್ಲದ ಮಂಡಿಯವರ ಮನೆಗೆ ಬೆಲೆಬಾಳುವ ನಾಯಿ ಬಂತೆಂದು ಇವರಿಗೂ ಬೇಕಾಗಿತ್ತು. ಮೂರು ದಿನದ ಹಿಂದೆ ಸರಸ್ವತಿಪುರಂನ ಒಬ್ಬ ಮೇಡಂ ಹತ್ತಿರ ಇಪ್ಪತ್ತೈದು ಸಾವಿರ ಕೊಟ್ಟು, ವಂಶಾವಳಿಯ ಕಾಗದದ ಸಮೇತ, ಎರಡು ತಿಂಗಳ ಹೊಂಬಣ್ಣದ ಗಂಡು ಮರಿ ತಂದಿದ್ದರು. ಕಾಗದದಲ್ಲಿ ಮರಿಯ ಹೆಸರು ಎರಡು ಸಾಲು ಉದ್ದ, ಯಾವುದೋ ಇಂಗ್ಲಿಷ್ ಜಮೀನ್ದಾರನ ಹೆಸರಿನಂತಿತ್ತು. ರುದ್ರಪ್ಪನವರು ಅದನ್ನು ‘ಭೃಂಗಿ’ ಎಂದು ಕರೆದರು. ನಾನು ಲಸಿಕೆ ಕಾರ್ಡು ಬರೆದೆ. ಗುರುತು ಎಂಬ ಕಡೆ ‘ಎದೆಯಲ್ಲಿ ರೂಪಾಯಿ ಅಗಲ ಬಿಳಿ ಕೂದಲು’ ಎಂದು ನನ್ನ ಮುದ್ದಾದ ಅಕ್ಷರದಲ್ಲೇ ಬರೆದೆ.

ಅವರು ಮರಿಯನ್ನು ಬಿಟ್ಟು ಹೊರಡುವ ಹೊತ್ತಿಗೇ ಬಂದವಳು ಜಯಮ್ಮ. ಕೆಸರೆಯಲ್ಲಿ ಮನೆ, ಬ್ಲೌಸ್ ಹೊಲಿಯುವ ಕೆಲಸ. ಗಂಡ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ಯಾವುದೋ ದೊಡ್ಡ ಮನೆಗೆ ಅಳತೆ ತೆಗೆದುಕೊಳ್ಳಲು ಹೋದಾಗ ಅಲ್ಲಿನ ಸ್ಪ್ಯಾನಿಯಲ್ ಬಂದು ಇವಳ ಪಾದದ ಮೇಲೆ ಕೂತುಬಿಟ್ಟಿತಂತೆ. ಅಷ್ಟೇ, ಅವಳಿಗೆ ಅಂಥದ್ದೇ ಬೇಕಾಯಿತು. ಚೀಟಿ ದುಡ್ಡು ಎತ್ತಿ, ಯಾರೋ ಬಸ್ಸಿನಲ್ಲಿ ಬುಟ್ಟಿಯಲ್ಲಿ ತಂದು ಮಾರುವವನ ಹತ್ತಿರ ಒಂಬತ್ತು ಸಾವಿರಕ್ಕೆ ತಂದಿದ್ದಳು. ಕಾಗದ ಇಲ್ಲ, ಪತ್ರ ಇಲ್ಲ. ಆದರೆ ಮರಿ ಮಾತ್ರ ಅದೇ ವಯಸ್ಸು, ಅದೇ ಹೊಂಬಣ್ಣ, ಅದೂ ಗಂಡು. ಹೆಸರು ಚಿನ್ನು. ಎದೆಯಲ್ಲಿ ಬಿಳಿ ಇರಲಿಲ್ಲ. ಎರಡು ಕಿವಿಯೂ ಆಗಲೇ ಸೋರುತ್ತಿತ್ತು.

ಡಾಕ್ಟರು ನೋಡಿ, ಇದಕ್ಕೆ ತಿಂಗಳುಗಟ್ಟಲೆ ಔಷಧಿ ಬೇಕು, ಎರಡು ಮೂರು ಸಲ ಪ್ರಜ್ಞೆ ತಪ್ಪಿಸಿ ತೊಳೆಯಬೇಕಾಗಬಹುದು ಎಂದರು. ಜಯಮ್ಮ ಈಚೆ ಬಂದು ನನ್ನನ್ನು ಮೆಲ್ಲಗೆ ಕೇಳಿದಳು: “ಒಟ್ಟು ಎಷ್ಟಾಗಬೌದು ಅಕ್ಕ?”

ನಾನು ಬೆರಳು ಮಡಿಸಿ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. “ತಿಂಗಳಿಗೆ ಎಷ್ಟು ಬ್ಲೌಸ್ ಹೊಲೀತೀಯ? ಅದರಲ್ಲಿ ಅರ್ಧ ಈ ಕಿವಿಗೇ ಹೋಗುತ್ತೆ. ನಿನ್ನಂಥೋರಿಗೆ ಯಾಕಮ್ಮ ಇಂಥ ನಾಯಿ?” ಎಂದೂ ಸೇರಿಸಿದೆ. ವರಾಂಡದಲ್ಲಿ ನಾಲ್ಕು ಜನ ಕೂತಿದ್ದರು. ಅವಳು ತಲೆ ತಗ್ಗಿಸಿ, ಚಿಗಟದ ಸ್ನಾನ ಮಾಡಿಸಿಡಿ, ದಾರ ತಗೊಂಡು ಬರುತ್ತೇನೆ ಎಂದು ಹೊರಟುಹೋದಳು. ಭೃಂಗಿಯನ್ನೂ ಅದೇ ಸ್ನಾನಕ್ಕೆ ಬಿಟ್ಟು ಹೋಗಿದ್ದರು.

ಎರಡನ್ನೂ ಮೀಯಿಸಿ, ಒಂದೇ ಥರದ ಎರಡು ಹಳೇ ಟವೆಲಿನಲ್ಲಿ ಸುತ್ತಿ, ಎರಡು ಬುಟ್ಟಿಯಲ್ಲಿ ಮಲಗಿಸಿದೆ. ಎಡಗಡೆಯದು ಭೃಂಗಿ, ಬಲಗಡೆಯದು ಚಿನ್ನು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. “ಸ್ಪ್ಯಾನಿಯಲ್ ಮರಿ ಎಷ್ಟು ಬೀಳುತ್ತೆ ಮೇಡಂ?” ನಾನು ಭಾಷಣ ಶುರುಮಾಡಿದೆ. ಕಸ ಗುಡಿಸುವವರು ಬಂದು ಬುಟ್ಟಿಗಳನ್ನು ಎತ್ತಿ ಬೆಂಚಿನ ಮೇಲಿಟ್ಟು, ನೆಲ ಗುಡಿಸಿ, ಮತ್ತೆ ಕೆಳಗಿಟ್ಟರು. ನಾನು ಅದನ್ನು ಕಣ್ಣಾರೆ ನೋಡುತ್ತಿದ್ದೆ. ನೋಡುತ್ತಲೇ ಕೂದಲಿನ ಖರ್ಚಿನಿಂದ ಹೊಟ್ಟೆಯ ಖರ್ಚಿಗೆ ಬಂದಿದ್ದೆ. ಮೊದಲು ರುದ್ರಪ್ಪನವರ ಅಂಗಡಿಯಿಂದ ಆಳು ಬಂದ, ಎಡಗಡೆಯದನ್ನು ಕೊಟ್ಟೆ. ಆಮೇಲೆ ಜಯಮ್ಮ ಬಂದಳು, ಬಲಗಡೆಯದನ್ನು ಕೊಟ್ಟೆ. ಫೋನ್ ಇನ್ನೂ ಕೈಯಲ್ಲೇ ಇತ್ತು. ಯಾವ ಮರಿಯ ಮುಖವನ್ನೂ ನಾನು ನೋಡಲಿಲ್ಲ.

ಅಲ್ಲಿಂದ ಎಂಟು ತಿಂಗಳು ನನಗೆ ಏನೂ ಗೊತ್ತಾಗಲಿಲ್ಲ. ರುದ್ರಪ್ಪನವರ ಭೃಂಗಿಗೆ ಎರಡನೇ ದಿನದಿಂದಲೇ ಕಿವಿ ಸೋರತೊಡಗಿತು. ಎದೆಯ ಬಿಳಿ ಕಾಣದಿದ್ದಾಗ ಅವರ ಮನೆಯವರು, ಮಾರಿದವರು ಚೆಂದಕ್ಕೆ ಸುಣ್ಣ ಗಿಣ್ಣ ಹಚ್ಚಿದ್ದರೇನೋ, ಸ್ನಾನಕ್ಕೆ ಹೋಯಿತು ಅಂದುಕೊಂಡರಂತೆ. ನಾನಾದರೂ ಕಾರ್ಡು ನೋಡಬೇಕಿತ್ತು. ಪ್ರತಿ ಸಲ ಲಸಿಕೆಯ ಚೀಟಿ ಅಂಟಿಸುವ ಪುಟವನ್ನು ಮಾತ್ರ ತೆಗೆಯುತ್ತಿದ್ದೆ, ಮೊದಲ ಪುಟಕ್ಕೆ ಹೋಗಲೇ ಇಲ್ಲ. ಜಯಮ್ಮ ಒಮ್ಮೆ ಮಾತ್ರ ಬೇರೆ ಕಡೆ ಲಸಿಕೆ ಹಾಕಿಸುತ್ತೇನೆ ಎಂದು ಫೋನ್ ಮಾಡಿ ಹೇಳಿದಳು. ನನ್ನ ಮಾತಿಗೆ ಬೇಜಾರಾಗಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ.

ರುದ್ರಪ್ಪನವರು ವಾರವಾರವೂ ಬರುತ್ತಿದ್ದರು. ನಾಯಿಯನ್ನು ಆಳಿನ ಕೈಗೆ ಕೊಡುತ್ತಿರಲಿಲ್ಲ, ತಾವೇ ಎತ್ತಿಕೊಂಡು ಬರುತ್ತಿದ್ದರು. “ಇಪ್ಪತ್ತೈದು ಸಾವಿರದ ಸರಕು ಮಂಗಳಮ್ಮ, ಕಿವಿ ನೋಡಿದ್ರೆ ತೂತು ಬಿದ್ದ ಚೀಲದಂಗೆ ಸೋರುತ್ತೆ!” ಎರಡು ಸಲ ಪ್ರಜ್ಞೆ ತಪ್ಪಿಸಿ ಕಿವಿ ತೊಳೆದೆವು. ಒಂದು ಸಲ ಗೋಣಿಯ ದಾರ ನುಂಗಿದ್ದಕ್ಕೆ ಹೊಟ್ಟೆಯ ಎಕ್ಸ್‌ರೇ ತೆಗೆಸಿದೆವು. ಪ್ರತಿ ಬಿಲ್ಲಿಗೂ ಅವರು ಕ್ಯಾಲ್ಕುಲೇಟರ್ ತೆಗೆದು, ಕೂಡಿ, ತಲೆ ಚಚ್ಚಿಕೊಂಡು, ದುಡ್ಡು ಕೊಟ್ಟು ಹೋಗುತ್ತಿದ್ದರು. ಬೆಳಗಿನ ಪೂಜೆ ಮುಗಿದ ಮೇಲೆ ನಾಯಿಯ ಕಿವಿಯನ್ನು ಅವರೇ ಒರೆಸುತ್ತಿದ್ದರು ಎಂದು ನನಗೆ ಗೊತ್ತಿತ್ತು. ಏಕೆಂದರೆ ಭೃಂಗಿಯ ಹಣೆಯ ಮೇಲೂ ಮೂರು ಬೆರಳಿನ ವಿಭೂತಿ ಇರುತ್ತಿತ್ತು.

ಕಾಯುವ ಹೊತ್ತಿನಲ್ಲಿ ವ್ಯಾಪಾರದ ಕಷ್ಟವನ್ನೂ ಹೇಳುತ್ತಿದ್ದರು. “ಎಂಥೆಂಥ ಗಿರಾಕಿಗಳು ಬತ್ತಾರೆ ಅಂತೀರಿ! ನಾನು ಮಾರೋದು ನೂರರ ಕಟ್ಟು. ಒಬ್ಬಳು ಹೆಂಗಸು ತಿಂಗಳಿಗೊಂದು ಸಲ ಬಂದು ಒಂದೇ ಒಂದು ಚೀಲ ಕೇಳ್ತಾಳೆ. ಇಲ್ಲಾ ಅಂದ್ರೆ ಅಲ್ಲೇ ನಿಂತಿರ್ತಾಳೆ. ಕೊಟ್ಟರೂ ಅಲ್ಲೇ ನಿಂತಿರ್ತಾಳೆ!” ನಾನು ಹತ್ತಿ ಉಂಡೆ ಮಾಡುತ್ತಾ ಹೂಂ ಹೂಂ ಎಂದೆ.

ಎಂಟನೇ ತಿಂಗಳು ಅವರ ತಾಳ್ಮೆ ಕೆಟ್ಟಿತು. ನಮ್ಮ ಮೇಜಿನ ಮುಂದೆ ನಿಂತೇ ಸರಸ್ವತಿಪುರಂನ ಮೇಡಂಗೆ ಫೋನ್ ಹಚ್ಚಿ, ಕೊಳೆತ ಕಿವಿಯ ನಾಯಿಯನ್ನು ನನ್ನ ತಲೆಗೆ ಕಟ್ಟಿದಿರಿ ಎಂದು ಕೂಗಾಡಿದರು. ಆ ಕಡೆಯ ದನಿ ಶಾಂತವಾಗಿತ್ತು, ನನಗೂ ಕೇಳಿಸಿತು. “ನನ್ನ ಮರಿ ಕಿವಿ ಸ್ವಚ್ಛವಾಗಿತ್ತು ಸಾರ್. ಎದೆ ಮೇಲೆ ಬಿಳಿ ಗುರುತಿತ್ತು. ನಿಮ್ಮ ನಾಯಿಗಿದೆಯಾ ನೋಡಿ. ಡಾಕ್ಟರ ಕಾರ್ಡಲ್ಲೂ ಬರೆದಿರ್ತಾರೆ.”

ರುದ್ರಪ್ಪನವರು ನನ್ನ ಕಡೆ ತಿರುಗಿದರು. “ಕಾರ್ಡ್ ತೆಗೀರಿ ಮಂಗಳಮ್ಮ.”

ತೆಗೆದೆ. ಮೊದಲ ಪುಟ. ರೂಪಾಯಿ ಅಗಲ ಬಿಳಿ ಕೂದಲು. ಭೃಂಗಿ ನನ್ನ ಎದುರಿಗೇ ಬೆನ್ನ ಮೇಲೆ ಹೊರಳಿ ಹೊಟ್ಟೆ ತೋರಿಸುತ್ತಿತ್ತು. ಎದೆಯೆಲ್ಲ ಅಪ್ಪಟ ಚಿನ್ನದ ಬಣ್ಣ. ನನ್ನ ಅಂಗೈ ತಾನಾಗಿ ಆ ಸಾಲಿನ ಮೇಲೆ ಕೂತಿತು. ಅದೊಂದು ಗಳಿಗೆಯಲ್ಲಿ ಶನಿವಾರ, ಬುಟ್ಟಿ, ಪೊರಕೆ, ಫೋನು ಎಲ್ಲ ಕಣ್ಣ ಮುಂದೆ ಬಂತು. “ಈ ಪುಟದಲ್ಲಿ ನೀರು ಬಿದ್ದಿದೆ ಯಜಮಾನ್ರೇ, ಸರಿಯಾಗಿ ಕಾಣ್ತಿಲ್ಲ. ಸೋಮವಾರ ನೋಡಿ ಹೇಳ್ತೀನಿ” ಎಂದೆ. ಹಸೀ ಸುಳ್ಳು. ಬಿದ್ದಿದ್ದು ನನ್ನ ಕೈಯ ಬೆವರು ಮಾತ್ರ.

ಆ ರಾತ್ರಿ ಊಟ ಸೇರಲಿಲ್ಲ. ಕೆಲಸ ಹೋಗುತ್ತದೆ, ಡಾಕ್ಟರ ಹೆಸರು ಬೀದಿಪಾಲಾಗುತ್ತದೆ, ಅದು ಒಂದು ಭಯ. ಅದಕ್ಕಿಂತ ದೊಡ್ಡದು ಇನ್ನೊಂದು. ಎಂಟು ತಿಂಗಳು ಸಾಕಿದ ನಾಯಿಯನ್ನು ಎರಡು ಮನೆಯಿಂದಲೂ ನಾನೇ ಕಿತ್ತುಕೊಂಡ ಹಾಗಾಗುತ್ತದಲ್ಲ.

ಭಾನುವಾರ ಬಸ್ಸು ಹತ್ತಿ ಕೆಸರೆಗೆ ಹೋದೆ. ಜಯಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹೊಲಿಗೆ ಯಂತ್ರದ ಸದ್ದು ಬೀದಿಗೇ ಕೇಳುತ್ತಿತ್ತು. ಬಾಗಿಲಿಗೆ ಮೊದಲು ಬಂದದ್ದು ನಾಯಿ. ಎದೆಯಲ್ಲಿ ರೂಪಾಯಿ ಅಗಲ ಬಿಳಿ. ಹಿಂದೆ ಬಂದ ಜಯಮ್ಮ ನನ್ನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಗೊತ್ತಾಗ್ಬುಡ್ತಾ ಅಕ್ಕ?” ಎಂದಳು.

ನಾನು ಹೇಳಲು ಬಂದದ್ದನ್ನು ಅವಳೇ ಹೇಳಿದ್ದಳು. ಒಳಗೆ ಕೂರಿಸಿ, ನೀರು ಕೊಟ್ಟು, ನೆಲ ನೋಡುತ್ತಾ ಮಾತಾಡಿದಳು. “ಬಸ್‌ ಸ್ಟಾಪ್‌ನಲ್ಲಿ ಟವೆಲ್ ಬಿಚ್ಚಿ ನೋಡ್ದೆ. ಬಿಳಿ ಕಾಣ್ತು. ನಂದಲ್ಲ ಅಂತ ಆಗ್ಲೇ ಗೊತ್ತಾಯ್ತು. ವಾಪಸ್ ಬರೋಕೆ ನಾಕು ಹೆಜ್ಜೆ ಇಟ್ಟೆ. ಆಮೇಲೆ ಇದರ ಕಿವಿ ಮೂಸಿ ನೋಡ್ದೆ ಅಕ್ಕ. ವಾಸ್ನೆ ಇರ್ಲಿಲ್ಲ. ನನ್ ಚಿನ್ನು ಯಾರ್ ಮನೆಗೆ ಹೋಯ್ತು ಅಂತ ಯೋಚ್ನೆ ಮಾಡ್ದೆ. ಗೋಣಿಚೀಲದ ಸಾವ್ಕಾರ್ರು ಮರಿ ಬಿಟ್ಟು ಹೋಗಿದ್ದು ನೋಡಿದ್ನಲ್ಲ. ಅವ್ರಾದ್ರೆ ಕಿವಿ ವಾಸಿ ಮಾಡಿಸ್ತಾರೆ, ನನ್ ಕೈಲಿ ಆಗಲ್ಲ ಅಂತ ನೀವೇ ಹೇಳಿದ್ರಲ್ಲ. ಅದಕ್ಕೆ ಬಸ್ ಹತ್‌ಬುಟ್ಟೆ. ಕಳ್ತನ ಅಂದ್ರೆ ಕಳ್ತನಾನೇ. ನಾನು ಇಲ್ಲಾ ಅನ್ನಲ್ಲ.”

ನನಗೆ ನಾಚಿಕೆಯಾಯಿತು. ಬುಟ್ಟಿ ಬದಲಾದದ್ದು ಕೈತಪ್ಪು. ನಾಲ್ಕು ಜನರ ಮುಂದೆ ‘ನಿನ್ನಂಥೋರಿಗೆ’ ಎಂದದ್ದು ಕೈತಪ್ಪಲ್ಲ, ಬೇಕೆಂದೇ ಆಡಿದ ಮಾತು. ಹೇಗೆ ಕ್ಷಮೆ ಕೇಳಬೇಕೋ ತಿಳಿಯದೆ ಮೂಲೆಯ ಕಡೆ ನೋಡಿದೆ. ಅಲ್ಲಿ ಹೊಸ ಗೋಣಿಚೀಲಗಳನ್ನು ಇಸ್ತ್ರಿ ಮಾಡಿದ ಬಟ್ಟೆಯಂತೆ ಮಡಿಸಿ ಪೇರಿಸಿಟ್ಟಿದ್ದಳು. ಎಂಟಿದ್ದವು. ಬ್ಲೌಸ್ ಹೊಲಿಯುವವರಿಗೆ ಗೋಣಿಚೀಲ ಏಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ರುದ್ರಪ್ಪನವರ ಗೊಣಗಾಟ ನೆನಪಾಯಿತು. ಕೇಳಲಿಲ್ಲ.

“ಒಳ್ಳೇ ಜನ ಅಕ್ಕ ಅವ್ರು. ಗದರ್ತಾರೆ, ಆದ್ರೆ ಚಿನ್ನುನ ತೊಡೆ ಮೇಲೆ ಕೂರಿಸ್ಕೊಂಡೇ ಗದರ್ತಾರೆ” ಎಂದಳು ಅವಳೇ.

ಸೋಮವಾರ ಬೆಳಗ್ಗೆ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಚಮಚಕ್ಕೆ ಮುಖ ಇರಲ್ಲ ಅಂದಿದ್ದೆ ನೀನು” ಎಂದರು. ತಾತನ ಹೆಸರೆತ್ತಲಿಲ್ಲ, ಅದರಿಂದಲೇ ನನಗೆ ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂದು ತಿಳಿಯಿತು. “ಸಾಯಂಕಾಲ ಇಬ್ಬರನ್ನೂ ಕರೆಸು. ನಾನು ಪಕ್ಕದಲ್ಲಿರ್ತೀನಿ. ಹೇಳೋದು ಮಾತ್ರ ನೀನೇ.”

ಸಂಜೆ ಐದಕ್ಕೆ ಇಬ್ಬರೂ ಬಂದರು, ನಾಯಿಗಳ ಸಮೇತ. ನಾನು ನಿಂತುಕೊಂಡೇ ಹೇಳಿದೆ. ಬುಟ್ಟಿ, ಪೊರಕೆ, ಫೋನು, ಕಾರ್ಡಿನ ಮೇಲೆ ಕೈ ಇಟ್ಟು ಆಡಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಜಯಮ್ಮ ತನ್ನ ಪಾಲನ್ನು, ಮರಿಗೆ ಕೊಟ್ಟ ಒಂಬತ್ತು ಸಾವಿರವನ್ನೂ ಸೇರಿಸಿ, ತಾನೇ ಹೇಳಿದಳು, ಎರಡೇ ಮಾತಿನಲ್ಲಿ. ಡಾಕ್ಟರು, ನಷ್ಟವೇನಿದ್ದರೂ ಆಸ್ಪತ್ರೆಯಿಂದ ಭರಿಸುತ್ತೇನೆ ಎಂದರು. ನನ್ನ ಸಂಬಳದಲ್ಲಿ ಹಿಡಿದುಕೊಳ್ಳಿ ಎಂದೆ ನಾನು. ರುದ್ರಪ್ಪನವರ ಮುಖ ಮಾತ್ರ ಕಪ್ಪಿಟ್ಟಿತು. ಕ್ಯಾಲ್ಕುಲೇಟರ್ ಈಚೆ ಬಂತು.

“ಇಪ್ಪತ್ತೈದರಲ್ಲಿ ಒಂಬತ್ತು ಕಳೆದ್ರೆ ಹದಿನಾರು” ಎಂದರು. “ಅದು ಬುಡಿ. ಎಂಟು ತಿಂಗಳು ಬೇರೇವ್ರ ನಾಯಿ ಕಿವಿಗೆ ದುಡ್ಡು ಸುರಿದಿದೀನಿ. ನನ್ನ ನಾಯಿ ನನಗೆ ಕೊಡಿ.”

ಜಯಮ್ಮ ಎದ್ದು, ಬಿಳಿ ಎದೆಯ ನಾಯಿಯ ಹಗ್ಗವನ್ನು ಅವರ ಕೈಗೆ ಕೊಟ್ಟಳು. ಇಂಥ ಹೊತ್ತಿನಲ್ಲಿ ನಾಯಿ ತನ್ನನ್ನು ಸಾಕಿದವರ ಸೆರಗು ಹಿಡಿಯುತ್ತದೆ ಎಂದು ಕಥೆಗಳಲ್ಲಿ ಓದಿರುತ್ತೀರಿ. ಸ್ಪ್ಯಾನಿಯಲ್ ಬಗ್ಗೆ ಆ ನಿರೀಕ್ಷೆ ಬೇಡ. ಅದು ಬಾಲ ಅಲ್ಲಾಡಿಸುತ್ತಾ ರುದ್ರಪ್ಪನವರ ಜೇಬು ಮೂಸಿತು, ಡಾಕ್ಟರ ಬೂಟು ನೆಕ್ಕಿತು, ಮೂಲೆಯಲ್ಲಿ ಬಿದ್ದಿದ್ದ ಬಿಸ್ಕತ್ತಿನ ಚೂರು ತಿಂದು ಎಲ್ಲರನ್ನೂ ಒಂದೇ ಪ್ರೀತಿಯಿಂದ ನೋಡಿತು. ಭೃಂಗಿಯೋ, ಬೆಂಚಿನ ಕೆಳಗಿನಿಂದ ನುಸುಳಿ ಬಂದು ಜಯಮ್ಮನ ಪಾದದ ಮೇಲೆ ಆರಾಮಾಗಿ ಕೂತಿತು.

ಅವಳು ಬಗ್ಗಿದಳು. ನಾಯಿಯ ಕಿವಿಯನ್ನು ಎರಡು ಬೆರಳಿನಿಂದ ಮಗುಚಿ, ಮೂಗು ಹತ್ತಿರ ತಂದು ಮೂಸಿದಳು. ಆಮೇಲೆ ಇನ್ನೊಂದು ಕಿವಿ. “ವಾಸ್ನೇನೇ ಇಲ್ಲ” ಎಂದಳು, ನಮಗಲ್ಲ, ತನಗೇ. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು.

ರುದ್ರಪ್ಪನವರು ಅವಳನ್ನೇ ನೋಡುತ್ತಿದ್ದರು. “ನೀವೂ ಮೂಸಿ ನೋಡ್ತೀರೇನಮ್ಮ?” ಎಂದರು. ದನಿ ಬದಲಾಗಿತ್ತು. “ನಾನೂ ದಿನಾ ಪೂಜೆ ಆದ್ಮೇಲೆ ಮೂಸ್ತೀನಿ. ಮನೇವ್ರೆಲ್ಲ ನಗ್ತಾರೆ. ವಾಸನೆ ಇಲ್ಲ ಅಂದ್ರೆ ಆ ದಿನ ವ್ಯಾಪಾರ ಚೆನ್ನಾಗಾಗುತ್ತೆ ಕಣಮ್ಮ...” ಎನ್ನುತ್ತಾ ತಟ್ಟನೆ ನಿಲ್ಲಿಸಿ, ಅವಳ ಮುಖವನ್ನು ಹತ್ತಿರದಿಂದ ನೋಡಿದರು. “ತಡೀರಿ. ಒಂದೇ ಒಂದು ಚೀಲ ಕೇಳೋರು ನೀವೇ ಅಲ್ವಾ?”

ಜಯಮ್ಮ ತಲೆ ತಗ್ಗಿಸಿ ಹೌದೆಂದಳು. “ಸುಮ್ನೆ ನಿಂತ್ರೆ ಬೈತೀರಿ ಅಂತ ಕೊಳ್ತಿದ್ದೆ. ಚಿನ್ನು ಗಲ್ಲಾ ಪೆಟ್ಟಿಗೆ ಹತ್ರ ಮಲಗಿರೋದು ಕಾಣ್ತಿತ್ತು.”

ರುದ್ರಪ್ಪನವರು ಕ್ಯಾಲ್ಕುಲೇಟರಿನಲ್ಲಿ ಏನೋ ಒತ್ತಿದರು, ಅಳಿಸಿದರು, ಜೇಬಿಗೆ ಹಾಕಿಕೊಂಡರು. “ಕೊಂಡಿದ್ದು ಅದು, ಸಾಕಿದ್ದು ಇದು. ಕೊಂಡಿದ್ದಕ್ಕಿಂತ ಸಾಕಿದ್ದಕ್ಕೇ ಜಾಸ್ತಿ ಹೋಗಿದೆ ಡಾಕ್ಟ್ರೇ. ಜಾಸ್ತಿ ಹೋಗಿರೋದನ್ನ ಬುಟ್ಟು ಕಮ್ಮಿದನ್ನ ತಗೊಂಡು ಹೋದ್ರೆ ನಾನೆಂಥ ವ್ಯಾಪಾರಸ್ಥ?” ಎಂದು ಬಿಳಿ ಎದೆಯ ನಾಯಿಯ ಹಗ್ಗವನ್ನು ಜಯಮ್ಮನಿಗೆ ವಾಪಸ್ ಕೊಟ್ಟರು. ಅವಳು ಇನ್ನೇನು ಕಾಲಿಗೆ ಬೀಳುವವಳಿದ್ದಳು. ಅಯ್ಯೋ ಬೇಡ ಬೇಡ ಎಂದು ಹಾರಿ ಹಿಂದೆ ಸರಿದರು. “ಆದ್ರೆ ಒಂದು ಮಾತು. ನೀವು ಹೇಳ್ದೆ ಬಸ್ ಹತ್ತಿದ್ದು ತಪ್ಪು. ಆ ತಪ್ಪಿಗೆ ನ್ಯಾಯವಾಗಿ ದಂಡ ಹಾಕ್ತೀನಿ. ಮುಂದಿನ ತಿಂಗಳಿಂದ ಬೀದೀಲಿ ನಿಲ್ಲೋ ಹಾಗಿಲ್ಲ. ಒಳಗೆ ಬಂದು, ಕೂತು, ಇವನ ಕಿವಿ ಒರೆಸಿ ಹೋಗ್ಬೇಕು.”

ಮಾರನೇ ದಿನ ವಂಶಾವಳಿಯ ಕಾಗದವನ್ನು ನನ್ನ ಮೇಜಿನ ಮೇಲೆ ತಂದು ಹಾಕಿದರು. ಸರಕಿನ ಜೊತೆ ಬಿಲ್ ಹೋಗಬೇಕು, ಅವರಿಗೆ ತಲುಪಿಸಿ ಎಂದರು. ಆ ಇಂಗ್ಲಿಷ್ ಜಮೀನ್ದಾರನ ಹೆಸರು ಇವತ್ತಿಗೂ ಕೆಸರೆಯಲ್ಲಿ, ಬ್ಲೌಸಿನ ಅಳತೆ ಪುಸ್ತಕದೊಳಗೆ ಮಡಿಸಿಕೊಂಡು ಕೂತಿದೆ. ನನ್ನ ಸಂಬಳದಲ್ಲಿ ಡಾಕ್ಟರು ಏನೂ ಹಿಡಿಯಲಿಲ್ಲ. ಅದರ ಬದಲು ಎರಡು ವರ್ಷ ಚಮಚದ ಮಾತು ಕೇಳಬೇಕಾಯಿತು. ಸಂಬಳ ಹಿಡಿದಿದ್ದರೇ ಚೆನ್ನಾಗಿತ್ತು.

ನಾನು ಜಯಮ್ಮನಲ್ಲಿ ಕ್ಷಮೆ ಕೇಳಿದ್ದು ಆ ಕಾಗದ ಕೊಡಲು ಹೋದಾಗ. ಅವಳು ಉಳಿದ ಬಣ್ಣದ ದಾರದ ಉಂಡೆಗಳನ್ನು ಒಂದು ಚೀಲಕ್ಕೆ ತುಂಬಿ ಕೈಗೆ ಕೊಟ್ಟಳು. “ಮರಿ ಕುತ್ತಿಗೆಗೊಂದು ಬಣ್ಣ, ಕಾರ್ಡಿಗೂ ಅದೇ ಬಣ್ಣ ಕಟ್ಟಿ ಅಕ್ಕ. ನಾನು ಬ್ಲೌಸ್ ಪೀಸ್‌ಗಳಿಗೆ ಅಂಗೇ ಮಾಡೋದು. ಇವತ್ತಿಗೂ ಒಬ್ರದು ಇನ್ನೊಬ್ರಿಗೆ ಹೋಗಿಲ್ಲ.” ಅಂದಿನಿಂದ ನಿವೃತ್ತಿಯವರೆಗೆ ಆ ದಾರ ಕಟ್ಟದೆ ಒಂದು ಮರಿಯನ್ನೂ ತೊಟ್ಟಿಗಿಳಿಸಲಿಲ್ಲ. ಈಗ ನಿಮಗೆ ಚರ್ಮದೊಳಗಿನ ಚಿಪ್ ಬಂದಿದೆ, ಯಂತ್ರ ಹಿಡಿದರೆ ನಂಬರು ತೋರಿಸುತ್ತದೆ. ಒಳ್ಳೆಯದೇ. ಆದರೂ ಯಂತ್ರವನ್ನು ಒಂದು ಸಲ ಹಿಡಿದು ನೋಡಿ, ಅದಕ್ಕೂ ಮೊದಲು ಫೋನ್ ಕೆಳಗಿಡಿ.

ಬೆಲೆ ಕೇಳಿದವರಿಗೆ ಖರ್ಚನ್ನೂ ಹೇಳಿ, ಮುಚ್ಚಿಡಬೇಡಿ. ಕಿವಿ, ಕೂದಲು, ಹೊಟ್ಟೆ ಎಲ್ಲ ಹೇಳಿ. ಯಾರಿಗೆ ತಾಕತ್ತಿದೆ, ಯಾರಿಗಿಲ್ಲ ಎಂಬುದನ್ನು ಮಾತ್ರ ಅವರ ಚಪ್ಪಲಿ ನೋಡಿ ತೀರ್ಮಾನ ಮಾಡಬೇಡಿ. ನಾನು ಮಾಡಿದ್ದೆ.

ಮುಂದಿನ ತಿಂಗಳು ಜಯಮ್ಮ ಆ ಎಂಟು ಚೀಲಗಳನ್ನು ಹೊತ್ತುಕೊಂಡು ಅಂಗಡಿಗೆ ಹೋದಳಂತೆ. ‘ಮಾರಿದ ಸರಕು ವಾಪಸ್ ಪಡೆಯುವುದಿಲ್ಲ’ ಎಂಬ ಹಲಗೆ ರುದ್ರಪ್ಪನವರ ತಲೆಯ ಮೇಲೇ ನೇತಾಡುತ್ತಿತ್ತು. ಅವರು ಎಂಟನ್ನೂ ಎಣಿಸಿ, ದುಡ್ಡು ವಾಪಸ್ ಕೊಟ್ಟರು. ಮತ್ತೆ ನೂರರ ಕಟ್ಟಿಗೆ ಸೇರಿಸಲು ಆಳನ್ನು ಕರೆಯಲಿಲ್ಲ. ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿ ಒಂದರ ಮೇಲೊಂದು ಹಾಸಿದರು. ಭೃಂಗಿ ಮುದಿಯಾಗಿ ಕಣ್ಣು ಮಂಜಾಗುವವರೆಗೂ ಅದರ ಮೇಲೇ ಮಲಗುತ್ತಿತ್ತು. ಅದು ಹೋದ ಮೇಲೂ ಆ ಎಂಟು ಚೀಲ ಅಲ್ಲೇ ಇವೆ, ಯಾರು ಕೇಳಿದರೂ ಮಾರುವುದಿಲ್ಲ. ಜಯಮ್ಮ ದಾರ ಕೊಳ್ಳಲು ಬಂದಾಗ ಈಗಲೂ ಅದರ ಮೇಲೇ ಕೂತು ಕಾಫಿ ಕುಡಿದು ಹೋಗುತ್ತಾಳೆ.